ಐದು ಗಂಟೆಯ ಹಾಡು ಮತ್ತು ನಮ್ಮ ಶಟರ್

ಮಾರ್ಚ್ ೨, ಗಾಳಿ

ಸಿಟ್ಟು ಬಂದಾಗ ಕೂಗಬೇಡಿ, ಬರೆಯಿರಿ ಅಂತ ಡಾಕ್ಟರು ಹೇಳಿದ್ದಾನೆ. ಕೂಗಿದರೆ ರಕ್ತದೊತ್ತಡ ಏರುತ್ತದಂತೆ, ಬರೆದರೆ ಏರುವುದಿಲ್ಲವಂತೆ. ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಅವನ ಅಪ್ಪ, ನಮ್ಮ ಹಳೇ ಡಾಕ್ಟರು, ರೋಗಿಗಳ ಮೇಲೆ ತಾನೇ ಕೂಗಾಡುತ್ತಿದ್ದ. ತೊಂಬತ್ತರ ತನಕ ಗಟ್ಟಿಯಾಗಿದ್ದ.

ಹೆಂಡತಿ ಕಿನುಯೊ, ಮೀನುಗಾರರ ಸಂಘದವರು ಹೊಸ ವರ್ಷಕ್ಕೆ ಪುಕ್ಕಟೆ ಹಂಚಿದ ಈ ಡೈರಿಯನ್ನು ತಂದು ಮುಂದಿಟ್ಟಳು.

"ಶಾಲೆ ಬಿಟ್ಟ ಮೇಲೆ ನಾನು ಪೆನ್ಸಿಲ್ ಹಿಡಿದಿದ್ದು ಬೆಲೆಚೀಟಿ ಬರೆಯೋಕೆ ಮಾತ್ರ" ಅಂದೆ.

"ಹಾಗೇ ಬರೀರಿ. ಸಿಟ್ಟು ಎಷ್ಟು, ಯಾರ ಮೇಲೆ. ಮುಗೀತು" ಅಂದಳು.

ಇವತ್ತಿನ ಸಿಟ್ಟು ಮಗಳ ಮೇಲೆ. ಚಿಗುಸಾ ಮಧ್ಯಾಹ್ನದ ರೈಲಿಗೆ ಟೋಕಿಯೊದಿಂದ ಬಂದಳು. ನಲವತ್ತಾರು ವರ್ಷ. ಸಂಗೀತ ಬರೆಯುವುದು ಅವಳ ಕೆಲಸ. ಹಾಡುವುದಿಲ್ಲ, ನುಡಿಸುವುದಿಲ್ಲ, ಬರೆಯುತ್ತಾಳೆ. ನುಡಿಸುವ ಕಷ್ಟ ಬೇರೆಯವರಿಗೆ. ಜರ್ಮನಿಯಲ್ಲಿ ಅವಳಿಗೆ ಬಹುಮಾನ ಕೊಟ್ಟಿದ್ದಾರೆ. ಅದನ್ನು ನೋಡಿ ನಮ್ಮ ಪಟ್ಟಣದ ಕಚೇರಿಯವರು, ಊರ ಮಗಳಲ್ಲವೇ, ಐದು ಗಂಟೆಯ ಹಾಡನ್ನು ಹೊಸದಾಗಿ ಬರೆದುಕೊಡಲಿ ಎಂದು ಕರೆಸಿದ್ದಾರೆ.

ಸುನಾಮಿ ಬಂದರೆ ಕೂಗಿ ಹೇಳಲು ನೆಟ್ಟ ಧ್ವನಿವರ್ಧಕದ ಕಂಬ ನಮ್ಮ ಅಂಗಡಿಯ ಪಕ್ಕದಲ್ಲೇ ಇದೆ. ಅದು ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ದಿನಾ ಸಂಜೆ ಐದಕ್ಕೆ ಒಂದು ಹಾಡು ಹಾಕುತ್ತಾರೆ. ಹಾಡು ಕೇಳಿತೆಂದರೆ ಮಕ್ಕಳು ಆಟ ಬಿಟ್ಟು ಮನೆಗೆ. ಹಾಡು ಮುಗಿಯಿತೆಂದರೆ ನಾನು ಅಂಗಡಿಯ ಶಟರ್ ಎಳೆಯುತ್ತೇನೆ. ನಾನು ಈ ಕಮಾಬೊಕೊ ಮೀನುಕಡುಬಿನ ಅಂಗಡಿಯಲ್ಲಿ ಮೀನು ಅರೆಯಲು ಕೂತಂದಿನಿಂದ ಅದೇ ಹಾಡು. ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಇಲ್ಲದ್ದನ್ನು ಕಂಡರೆ ಕಚೇರಿಯವರಿಗೆ ನಿದ್ದೆ ಬರುವುದಿಲ್ಲ.

ಏಪ್ರಿಲ್ ಒಂದರಿಂದ ಒಂದು ತಿಂಗಳು, ನಮ್ಮ ಕಂಬದಲ್ಲಿ ಮಾತ್ರ, ಪರೀಕ್ಷೆಗೆಂದು ಹೊಸ ಹಾಡು ಹಾಕುತ್ತಾರಂತೆ. ತಿಂಗಳ ಕೊನೆಗೆ ಕೇರಿಗಳ ಮುಖಂಡರ ಸಭೆ. ಹಾಡನ್ನು ಇಟ್ಟುಕೊಳ್ಳುವುದೋ ಎಸೆಯುವುದೋ ಅಲ್ಲಿ ತೀರ್ಮಾನ. ನಮ್ಮ ಕೆಳಬಂದರು ಕೇರಿಯ ಮುಖಂಡ ಈ ವರ್ಷ ನಾನೇ. ಸರದಿ ನೋಡಿ ನನ್ನ ತಲೆಗೇ ಬಂದಿದೆ.

ಮಾರ್ಚ್ ೫, ಮೋಡ

ಮೂರು ದಿನವಾಯಿತು, ಚಿಗುಸಾ ಒಂದಕ್ಷರ ಬರೆದಿಲ್ಲ. ಮಹಡಿಯ ಕೋಣೆಯಲ್ಲಿ ಬಿಳಿ ಹಾಳೆ ಹರಡಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಗೋಡೆ ನೋಡುತ್ತಾಳೆ. ಸಂಜೆ ಮಾತ್ರ ಸರಿಯಾಗಿ ಐದಕ್ಕೆ ಕೆಳಗಿಳಿದು ರಸ್ತೆಯಾಚೆ ನಿಲ್ಲುತ್ತಾಳೆ. ಇವತ್ತು ಹಾಡು ಮುಗಿದು ನಾನು ಶಟರ್ ಎಳೆದೆ. ಕ್ರೀ ಎಂದಿತು. ಸಮುದ್ರದ ಗಾಳಿಗೆ ತುಕ್ಕು ಹಿಡಿದ ಶಟರ್ ಇನ್ನೇನು ಕೊಳಲು ನುಡಿಸೀತೇ?

"ಅಪ್ಪ, ಇನ್ನೊಂದ್ಸಲ ಎಳಿ."

"ಯಾಕೆ, ಅಂಗಡಿ ಎರಡು ಸಲ ಮುಚ್ಚಬೇಕಾ?"

"ಎಳಿಯಪ್ಪ, ಸುಮ್ನೆ."

ಎಳೆದೆ. ಅವಳು ಉಪ್ಪಿನಕಾಯಿ ಚುಚ್ಚುವ ಕವೆಯಂಥ ಶ್ರುತಿ ನೋಡುವ ಒಂದು ಉಕ್ಕಿನ ಕಡ್ಡಿಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದುಕೊಂಡಳು. ಆಮೇಲೆ ಕೇಳಿದಳು:

"ಇದಕ್ಕೆ ಯಾವತ್ತಾದ್ರೂ ಎಣ್ಣೆ ಹಾಕಿದ್ದೀಯಾ?"

"ಇಲ್ಲ" ಅಂದೆ. ನಕ್ಕಳು.

ಟೋಕಿಯೊದಲ್ಲಿ ಶಟರ್‌ಗಳು ಗುಂಡಿ ಒತ್ತಿದರೆ ತಾವೇ ಇಳಿಯುತ್ತವೆ, ಗೊತ್ತು. ಅಪ್ಪನ ಅಂಗಡಿಯ ಬಗ್ಗೆ ನಾಚಿಕೆಯಾದರೆ ನೇರ ಹೇಳಬೇಕು. ನಗುವುದೇನು?

ಮಾರ್ಚ್ ೯

ಎದುರಿನ ಕ್ಷೌರದಂಗಡಿಯ ತೊಮೆಜಿ ನನ್ನ ಗಡ್ಡ ಕೆರೆಯುತ್ತ ಕೇಳಿದ: "ಇವಾಜೊ, ಹೊಸ ಹಾಡು ಹೆಂಗಿರುತ್ತೋ? ಅವತ್ತು ಟೋಕಿಯೊದಲ್ಲಿ ಕೇಳಿದ್ವಲ್ಲ, ಹಂಗಾ?"

ಕತ್ತಿ ಕುತ್ತಿಗೆಯ ಮೇಲಿದ್ದಾಗ ಜಗಳ ಆಡಬಾರದು.

ಹಿಂದೊಮ್ಮೆ ಚಿಗುಸಾಳ ಸಂಗೀತ ಕೇಳಲು ಕೇರಿಯಿಂದ ಒಂದು ಬಸ್ಸು ಮಾಡಿಕೊಂಡು ಹೋಗಿದ್ದೆವು. ದೊಡ್ಡ ಸಭಾಂಗಣ, ವೇದಿಕೆ ತುಂಬ ಕಪ್ಪು ಕೋಟಿನವರು. ಒಬ್ಬ ಕಂಚಿನ ತಟ್ಟೆಯನ್ನು ಬಿಲ್ಲಿನಿಂದ ಉಜ್ಜುತ್ತಿದ್ದ. ಕೊಳಲಿನವರು ಬರೀ ಉಸಿರು ಬಿಡುತ್ತಿದ್ದರು. ಶ್ರುತಿ ಸೇರಿಸುತ್ತಿದ್ದಾರೆ, ಸೇರಿಸಲಿ ಎಂದು ನಾವೆಲ್ಲ ತಾಳ್ಮೆಯಿಂದ ಕೂತಿದ್ದೆವು. ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮುಗಿದೇ ಹೋಗಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ತೊಮೆಜಿ ಒಬ್ಬನೇ "ಕುರ್ಚಿ ಚೆನ್ನಾಗಿತ್ತು" ಅಂದ.

ಮಾರ್ಚ್ ೧೪, ಮಳೆ

ಮೂಲಂಗಿ ಹೆಚ್ಚುತ್ತಿದ್ದ ಕಿನುಯೊಗೆ ಹೇಳಿದೆ: "ಒಂದು ನಿಮಿಷದ ಹಾಡು. ಅದಕ್ಕೆ ಒಂದು ತಿಂಗಳು ಗೋಡೆ ನೋಡಬೇಕಾ? ಇಷ್ಟು ಹೊತ್ತಿಗೆ ನಾನು ಒಂದು ದೋಣಿ ಮೀನು ಅರೆದು ಹಬೆಗಿಡ್ತಿದ್ದೆ."

ಅವಳು ಚಾಕು ಕೆಳಗಿಟ್ಟಳು.

"ರೀ, ನಿಮಗೆ ಹೇಳಬಾರದು ಅಂದಿದ್ಲು. ಎರಡು ವರ್ಷದಿಂದ ಅವಳ ಕೈಯಲ್ಲಿ ಒಂದು ಸ್ವರಾನೂ ಬರೆಯೋಕೆ ಆಗಿಲ್ಲ. ಒಪ್ಪಿಕೊಂಡಿದ್ದನ್ನೆಲ್ಲ ವಾಪಸ್ ಕೊಟ್ಟಿದಾಳೆ. ಇದೊಂದು ಮಾಡಿ ನೋಡ್ತೀನಿ, ಇದೂ ನಿಲ್ಲಲಿಲ್ಲ ಅಂದ್ರೆ ಬರೆಯೋದೇ ಬಿಟ್ಟುಬಿಡ್ತೀನಿ ಅಂತಾಳೆ. ಪಿಯಾನೊ ಮಾರೋಕೆ ಆಗ್ಲೇ ಮಾತಾಡಿದಾಳಂತೆ."

"ಬಿಡಲಿ. ಮಕ್ಕಳಿಗೆ ಸರಿಗಮ ಹೇಳಿಕೊಂಡು ಇರಲಿ. ಜನರಿಗೆ ಅರ್ಥವಾಗುವ ಕೆಲಸ" ಅಂದೆ.

ಕಿನುಯೊ ಮತ್ತೆ ಚಾಕು ಎತ್ತಿಕೊಂಡಳು. ಮೂಲಂಗಿಯನ್ನು ಅಷ್ಟು ಸಿಟ್ಟಿನಿಂದ ಹೆಚ್ಚಬೇಕಾಗಿರಲಿಲ್ಲ. ಅವಳಿಗೂ ಒಂದು ಡೈರಿ ಕೊಡಿಸಬೇಕು.

ಮಾರ್ಚ್ ೧೫

ನಿದ್ದೆ ಸರಿಯಾಗಲಿಲ್ಲ. ಮಳೆಯ ಸದ್ದು. ಬೇರೆ ಏನೂ ಅಲ್ಲ.

ಮಾರ್ಚ್ ೨೭, ಬಿಸಿಲು

ಬರೆದು ಮುಗಿಸಿದ್ದಾಳೆ. ಬೆಳಿಗ್ಗೆ ಮೆಟ್ಟಿಲಿಳಿಯುವ ಸದ್ದಿನಲ್ಲೇ ತಿಳಿಯಿತು. ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಳು, ಶಾಲೆಗೆ ಹೋಗುವಾಗಿನ ಹಾಗೆ. ಎರಡು ಬಟ್ಟಲು ಮಿಸೊ ಸಾರು ಕುಡಿದಳು. ಹಾಡು ಹೇಗಿದೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು:

"ಒಂದನೇ ತಾರೀಕು ಗೊತ್ತಾಗುತ್ತೆ. ನೀನು ಎಂದಿನ ಹಾಗೆ ಇದ್ದರೆ ಸಾಕು. ಹಾಡು ನಿಂತ ತಕ್ಷಣ ಶಟರ್ ಎಳಿ. ಎಂದಿನ ಹಾಗೆ, ಆಯ್ತಾ?"

"ನನ್ನ ಅಂಗಡಿ ಮುಚ್ಚೋದನ್ನ ನನಗೇ ಹೇಳಿಕೊಡ್ತೀಯಾ?"

ಮತ್ತೆ ಆ ನಗು.

ಮಾರ್ಚ್ ೩೧

ಪಟ್ಟಣದ ಕಚೇರಿಯ ಕುರಿಹಾರಾ ಬಂದಿದ್ದ. ಎಲ್ಲದಕ್ಕೂ ಸೊಂಟ ಬಗ್ಗಿಸುವ ಹುಡುಗ. ನಾಳೆ ಮೇಯರ್ ಬರುತ್ತಾರೆ, ಟಿವಿಯವರು ಬರುತ್ತಾರೆ, ಕಂಬದ ಬುಡದಲ್ಲಿ ಎಲ್ಲರೂ ನಿಂತು ಮೊದಲ ಹಾಡು ಕೇಳುವುದಂತೆ. ಎಂದರೆ ನಮ್ಮ ಅಂಗಡಿಯ ಮುಂದೆಯೇ. ಆಗ ನೆನಪಾಯಿತು. ಇಡೀ ಜಿಲ್ಲೆ ಟಿವಿಯಲ್ಲಿ ನೋಡುವಾಗ ನಮ್ಮ ಶಟರ್ ಹಂದಿ ಕೊಯ್ದ ಹಾಗೆ ಕಿರುಚಿದರೆ ಮಗಳ ಮರ್ಯಾದೆ ಏನಾಗಬೇಕು? ಅದಕ್ಕೇ ಅವಳು ಮತ್ತೆ ಮತ್ತೆ ಅದರ ಮಾತೆತ್ತಿದ್ದು. ಬಾಯಿಬಿಟ್ಟು ಹೇಳಲಾರಳು, ತಾಯಿಯ ಕಡೆಯವರ ಬುದ್ಧಿ.

ಬಂದರಿನ ಯಂತ್ರದ ಶೆಡ್ಡಿನಿಂದ ಒಳ್ಳೆಯ ಎಣ್ಣೆ ತಂದೆ. ಅವಳು ಸ್ನಾನಕ್ಕೆ ಹೋದಾಗ ಏಣಿ ಹತ್ತಿದೆ. ಈ ವಯಸ್ಸಿನಲ್ಲಿ ಏಣಿ. ತುಕ್ಕನ್ನು ಬ್ರಶ್ಶಿನಿಂದ ಉಜ್ಜಿ ತೆಗೆದು, ಶಟರ್ ಜಾರುವ ಎರಡೂ ಬದಿಯ ಕಾಲುವೆಗೆ, ಮೇಲಿನ ಉರುಳೆಗೆ ಎಣ್ಣೆ ಕುಡಿಸಿದೆ. ಎಳೆದರೆ ರೇಷ್ಮೆ ಜಾರಿದ ಹಾಗೆ ಇಳಿಯುತ್ತದೆ. ಉಸಿರಿಲ್ಲ. ಯಾರಿಗೂ ಹೇಳಿಲ್ಲ, ಕಿನುಯೊಗೂ. ನಾಳೆ ಚಿಗುಸಾ ನೋಡಲಿ.

ಬೆನ್ನು ನೋಯುತ್ತಿದೆ. ಸಿಟ್ಟು ಇಲ್ಲ.

ಏಪ್ರಿಲ್ ೧, ಚೆರ್ರಿ ಹೂ ಅರ್ಧ ಬಿಟ್ಟಿದೆ

ಮೇಯರ್ ಭಾಷಣ ಉದ್ದವಾಗಿತ್ತು, ಆದರೂ ಐದಕ್ಕೆ ಮೊದಲೇ ಮುಗಿಸಿದರು. ನಾನು ಶಟರಿನ ಕೊಕ್ಕೆ ಹಿಡಿದು ನಿಂತಿದ್ದೆ. ಹಾಡು ಬಂತು. ಬೈಯುವಷ್ಟು ಕೆಟ್ಟದಾಗಿರಲಿಲ್ಲ. ಗಂಟೆ ಹೊಡೆದ ಹಾಗೆ ಒಂದೊಂದೇ ಸ್ವರ, ಮೆಟ್ಟಿಲು ಹತ್ತಿದ ಹಾಗೆ ಮೇಲೆ ಮೇಲೆ. ಇನ್ನೊಂದು ಮೆಟ್ಟಿಲು ಹತ್ತಿದರೆ ಮನೆ ಎನ್ನುವಾಗ ನಿಂತುಬಿಟ್ಟಿತು.

ಚಿಗುಸಾ ನನ್ನನ್ನು ನೋಡಿದಳು. ನಾನು ಎಳೆದೆ. ಶಟರ್ ಸದ್ದಿಲ್ಲದೆ ನೆಲ ಮುಟ್ಟಿತು. ಎಂಥ ಕೆಲಸ! ಹೆಮ್ಮೆಯಿಂದ ತಿರುಗಿದರೆ ಯಾರೂ ಶಟರ್ ನೋಡುತ್ತಲೇ ಇಲ್ಲ. ಎಲ್ಲರೂ ಕಂಬದ ತುದಿಗೆ ಕತ್ತೆತ್ತಿ ನಿಂತಿದ್ದಾರೆ. ಮೇಯರ್ ಚಪ್ಪಾಳೆಗೆಂದು ಎತ್ತಿದ ಎರಡು ಕೈ ಗಾಳಿಯಲ್ಲೇ ಇವೆ. ಕಾಗೆಯೊಂದು ಕೂಗಿತು. ಟಿವಿಯ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ಅದು... ಆಯ್ತಾ?"

ಚಿಗುಸಾ ಶಟರನ್ನು ನೋಡಿದಳು. ಕಾಲುವೆಯಲ್ಲಿ ಹೊಳೆಯುತ್ತಿದ್ದ ಎಣ್ಣೆ ನೋಡಿದಳು. ನನ್ನ ಕೈಯ ಕಪ್ಪು ಕಲೆ ನೋಡಿದಳು.

"ಹೂಂ, ಆಯ್ತು" ಅಂದಳು.

ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟು ಕೇಳಬೇಕಾಯಿತು: "ಶಟರ್ ನೋಡಿದ್ಯಾ?"

"ನೋಡ್ದೆ ಅಪ್ಪ. ತುಂಬಾ ಚೆನ್ನಾಗಿ ಮಾಡಿದೀಯ. ಥ್ಯಾಂಕ್ಸ್."

ಅಷ್ಟು ಹೇಳಿ ಎದ್ದುಹೋದಳು. ಅನ್ನ ಮುಟ್ಟಿರಲಿಲ್ಲ. ದೊಡ್ಡವರ ಮುಂದೆ ಹಾಡು ಅರ್ಧಕ್ಕೆ ನಿಂತರೆ ಯಾರಿಗೆ ಊಟ ಸೇರೀತು? ಅವಳದೇ ತಪ್ಪು.

ಏಪ್ರಿಲ್ ೪

ದೂರು ಶುರುವಾಗಿದೆ. ಮಕ್ಕಳು ಮನೆಗೆ ಹೋಗುತ್ತಿಲ್ಲ. ಕಂಬದ ಕೆಳಗೆ ಸಾಲಾಗಿ ನಿಂತು, "ತಾತ, ಉಳಿದಿದ್ದು ಯಾವಾಗ ಬರುತ್ತೆ?" ಎನ್ನುತ್ತವೆ. ಸಾರಾಯಿ ಅಂಗಡಿಯ ಮುದುಕಿ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲೇ ನಿಂತಿರುತ್ತಾಳೆ, ಸಾರು ಸೀದುಹೋಗುತ್ತದೆ. ತೊಮೆಜಿ ಸೋಪು ಹಚ್ಚಿದ ಗಿರಾಕಿಯನ್ನು ಬಿಟ್ಟು ಓಡಿಬಂದ.

"ಇವಾಜೊ, ನಿನ್ನ ಮಗಳು ಇಡೀ ಕೇರಿಗೆ ಸೀನು ಬರೋ ಹಂಗೆ ಮಾಡಿ, ಬರದೇ ಇರೋ ಹಂಗೆ ನಿಲ್ಲಿಸಿದಾಳೆ ಕಣೋ! ರಾತ್ರಿ ಊಟಕ್ಕೆ ಕೂತ್ರೂ ಮೂಗಿನ ತುದೀಲೇ ಇರುತ್ತೆ."

"ನಿನ್ನ ಮೂಗು, ನಿನ್ನ ಪಾಡು" ಎಂದು ಬೈದು ಕಳಿಸಿದೆ. ಆದರೆ ಅವನು ಹೇಳಿದ್ದು ನಿಜ. ನನಗೂ ಹಾಗೇ ಆಗುತ್ತಿದೆ.

ಏಪ್ರಿಲ್ ೮, ಗಾಳಿ

ಮಹಡಿ ಹತ್ತಿ ನೇರವಾಗಿ ಕೇಳಿದೆ.

"ಇನ್ನೊಂದು ಸ್ವರ ಹಾಕಿದರೆ ಏನು ಗಂಟು ಹೋಗುತ್ತೆ ನಿಂದು? ಯಾಕೆ ಮುಗಿಸಲಿಲ್ಲ?"

ಅವಳು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ಬಿಳಿ ಹಾಳೆಗಳನ್ನು ದಾರ ಕಟ್ಟಿ ಮೂಲೆಗಿಟ್ಟಿದ್ದಳು.

"ಮುಗಿಸಿದ್ದೆ ಅಪ್ಪ."

"ಎಲ್ಲಿ ಮುಗಿಸಿದ್ದೆ? ಊರೆಲ್ಲ ಬಾಯಿ ಬಿಟ್ಕೊಂಡು ನಿಂತಿದೆ!"

"ಇರಲಿ ಬಿಡು. ಸಭೆಯಲ್ಲಿ ಬೇಡ ಅಂದ್ರೆ ಬೇಡ. ತಿಂಗಳ ಕೊನೆ ತನಕ ಇದ್ದು ಹೊರಡ್ತೀನಿ. ಪಿಯಾನೊ ತಗೊಳ್ಳೋರು ಮೇ ತಿಂಗಳಲ್ಲಿ ಬರ್ತಾರೆ."

ನಾನು ಕೂಗಬೇಕೆಂದಿದ್ದೆ. ಕೂಗಲಾಗಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಬರೆದರೂ ಇಳಿಯುತ್ತಿಲ್ಲ, ಆ ಡಾಕ್ಟರಿಗೆ ಏನೂ ತಿಳಿಯದು.

ಏಪ್ರಿಲ್ ೧೩

ಸಂಜೆ ಹಾಡು ಎಂದಿನಂತೆ ತುದಿಯಲ್ಲಿ ನಿಂತಿತು. ಮಕ್ಕಳು, ಮುದುಕಿ, ಎಲ್ಲರೂ ಕತ್ತೆತ್ತಿಕೊಂಡು ನಿಂತರು. ನಾನು ಶಟರ್ ಎಳೆದೆ. ತೊಮೆಜಿ ತನ್ನ ಬಾಗಿಲಿಂದ ಕೂಗಿದ:

"ಏನೋ, ನಿನ್ನ ಶಟರ್‌ಗೆ ಗಂಟಲು ಕಟ್ಟಿದೆಯಾ? ಇಷ್ಟು ವರ್ಷ ಅದು ಕಿರುಚಿದಾಗ ನಾನು ಚಹಾಕ್ಕೆ ನೀರಿಡ್ತಿದ್ದೆ. ಈಗ ಚಹಾನೂ ಇಲ್ಲ, ಏನೂ ಇಲ್ಲ. ಹಿಂಗಲ್ವಾ ಕೂಗ್ತಿದ್ದಿದ್ದು?"

ನನ್ನನ್ನು ಆಡಿಕೊಳ್ಳಲು ಬಾಯಿ ಸೊಟ್ಟ ಮಾಡಿ, "ಕ್ರೀ!" ಎಂದ.

ಸರಿಯಾಗಿ ಕೂತುಬಿಟ್ಟಿತು. ಕೊನೆಯ ಮೆಟ್ಟಿಲು. ಇಡೀ ಬೀದಿ ಹಾ ಎಂದು ಉಸಿರು ಬಿಟ್ಟಿತು. ಮಕ್ಕಳು ಓ ಎಂದು ನಗುತ್ತ ಮನೆಗೆ ಓಡಿದವು. ಮುದುಕಿ ಸೌಟು ಹಿಡಿದು ಒಳಗೆ ಹೋದಳು. ತೊಮೆಜಿಗೆ ತಾನೇನು ಮಾಡಿದೆ ಎಂಬುದು ಗೊತ್ತಾಗಲಿಲ್ಲ, ಚಹಾಕ್ಕೆ ನೀರಿಡಲು ಹೋದ.

ನಾನು ಶಟರಿನ ಕೊಕ್ಕೆ ಅಲ್ಲೇ ಬಿಟ್ಟು ಒಳಗೆ ಹೋದೆ.

ಕಿನುಯೊ ಅಡಿಗೆಮನೆಯಲ್ಲಿದ್ದಳು.

"ನಿನಗೆ ಗೊತ್ತಿತ್ತಾ?" ಎಂದೆ.

"ಈಗ ಗೊತ್ತಾಯ್ತಾ ನಿಮಗೆ?"

"ಯಾಕೆ ಹೇಳಲಿಲ್ಲ?"

"ಹೇಳಬೇಡ ಅಂದ್ಲು. ಅಪ್ಪ ಮೊದಲ್ನೇ ಸಲ ನನಗೋಸ್ಕರ ಏಣಿ ಹತ್ತಿದಾರೆ, ಹಾಳುಮಾಡಿದ್ರಿ ಅಂತ ಹೆಂಗೆ ಹೇಳಲಿ ಅಂದ್ಲು."

ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಶಟರ್ ಹಾಡಿನ ಭಾಗವಾದರೆ ಮೊದಲೇ ಹೇಳಬೇಕಿತ್ತು. ಇಟ್ಟಿಗೆ ಕೆಲಸದವನಿಗೂ ನಕ್ಷೆ ಕೊಡುತ್ತಾರೆ.

ಏಪ್ರಿಲ್ ೧೫

ಪಾತ್ರೆ ತೊಳೆಯುವ ಸೋಪು ಹಾಕಿ ಎಣ್ಣೆ ತೊಳೆದೆ. ಇನ್ನಷ್ಟು ಜಾರುತ್ತದೆ.

ಏಪ್ರಿಲ್ ೧೬

ಸಮುದ್ರದ ನೀರು ಒಂದು ಬಕೆಟ್ ತಂದು ಎರಚಿದೆ. ಏಣಿ ಹಿಡಿದುಕೊಂಡಿದ್ದ ಕಿನುಯೊ ಪೂರ್ತಿ ನೆನೆದಳು. ಚಿಗುಸಾ ಕೆಳಗಿಳಿದು ಬಂದು, "ಅಪ್ಪ, ಏನಿದು?" ಎಂದಳು. "ತೊಳೀತಿದೀನಿ" ಎಂದೆ. ಸಮುದ್ರದ ನೀರಲ್ಲಿ ಯಾರು ತೊಳೆಯುತ್ತಾರೆ ಎಂದು ಕೇಳಲಿಲ್ಲ, ಸದ್ಯ.

ಏಪ್ರಿಲ್ ೧೯, ಬಿಸಿಲು, ತುಕ್ಕಿಗೆ ಹೇಳಿಮಾಡಿಸಿದ ಹವೆ ಅಲ್ಲ

ಬೇಡವೆಂದಾಗ ದಿನಕ್ಕೊಂದು ಕಡೆ ಹಿಡಿಯುತ್ತಿದ್ದ ತುಕ್ಕು, ಬೇಕೆಂದಾಗ ಹತ್ತಿರ ಬರುವುದಿಲ್ಲ. ಬೇರೆ ಏನಾದರೂ ಆ ಸ್ವರಕ್ಕೆ ಹೊಂದೀತೇ ಎಂದು ಕೇರಿಯೆಲ್ಲ ಸುತ್ತಿದೆ. ದೇವಸ್ಥಾನದ ಗೇಟು ತೀರ ದಪ್ಪ ದನಿ. ಬಂದರಿನ ಕ್ರೇನು ಹತ್ತಿರ ಬರುತ್ತದೆ, ಆದರೆ ಕೊನೆಗೆ ನಡುಗುತ್ತದೆ. ಸಾರಾಯಿ ಅಂಗಡಿಯವಳ ಸೈಕಲ್ ಬ್ರೇಕು ಪರವಾಗಿಲ್ಲ, ಅವಳು ಐದು ಗಂಟೆಗೆ ಸೈಕಲ್ ಹತ್ತುವುದಿಲ್ಲ. ತೊಮೆಜಿಯ ಕ್ಷೌರದ ಕುರ್ಚಿ ತಿರುಗಿಸಿ ನೋಡಿದೆ.

"ಏನ್ ಮಾಡ್ತಿದೀಯೋ?"

"ನಿನ್ನ ಕುರ್ಚಿ ಅಪಸ್ವರ."

"ಗಡ್ಡ ಕೆರೆಯೋಕೆ ಕುರ್ಚಿ ರಾಗ ಹಾಡ್ಬೇಕಾ?"

ಇವನಿಗೆ ಕಿವಿ ಎಂಬುದೇ ಇಲ್ಲ. ಅವತ್ತು ಟೋಕಿಯೊದಲ್ಲಿ ಕಂಚಿನ ತಟ್ಟೆಯವನ ಕೈಕೆಲಸ ಎಷ್ಟು ಸೂಕ್ಷ್ಮವಾಗಿತ್ತು; ಇವನು ಕುರ್ಚಿ ಚೆನ್ನಾಗಿತ್ತು ಎಂದ.

ಏಪ್ರಿಲ್ ೨೨

ಸಭೆಗೆ ಮೊದಲು ಕೇರಿಯ ಅಭಿಪ್ರಾಯ ಕೇಳಬೇಕೆಂದು ನಿಯಮ. ಮನೆಯಿಂದ ಮನೆಗೆ ಹೋಗುವ ಸುತ್ತೋಲೆ ಹಲಗೆಗೆ ಹಾಳೆ ಸಿಕ್ಕಿಸಿ ಬರೆದೆ: "ಹೊಸ ಹಾಡು ಬೇಡ ಎನ್ನುವವರು ಇಲ್ಲಿ ಬರೆಯಿರಿ." ಮಗಳ ವಿಷಯವೆಂದು ಮುಚ್ಚಿಡುವವನು ನಾನಲ್ಲ. ಪಕ್ಕದ ಮನೆಗೆ ದಾಟಿಸಿದೆ. ಹದಿನೈದು ದಿನದಿಂದ ನನ್ನ ತಲೆ ತಿಂದವರೆಲ್ಲ ಅದರಲ್ಲಿ ಬರೆಯುತ್ತಾರೆ. ಚಿಗುಸಾಗೆ ಏನು ಹೇಳಬೇಕೆಂದು ಈಗಲೇ ಯೋಚಿಸಿಡಬೇಕು.

ಏಪ್ರಿಲ್ ೨೬, ಮೋಡ

ಹಲಗೆ ಇಡೀ ಕೇರಿ ಸುತ್ತಿ ಹಿಂದಿರುಗಿತು. ನಿಂತೇ ನೋಡಿದೆ, ಆಮೇಲೆ ಕೂತು ನೋಡಿದೆ. ಒಂದು ಅಕ್ಷರ ಇಲ್ಲ. ಎಲ್ಲರೂ ಎಂದಿನಂತೆ ಹೆಸರಿನ ಕೆಂಪು ಮುದ್ರೆ ಒತ್ತಿ ಪಕ್ಕದ ಮನೆಗೆ ದಾಟಿಸಿದ್ದಾರೆ. ಕಸ ಹಾಕುವ ದಿನ ಬದಲಾದಾಗಲೂ, ಚರಂಡಿ ತೊಳೆಯುವ ಭಾನುವಾರಕ್ಕೂ ಹೀಗೇ; ಓದದೆ ಮುದ್ರೆ. ತೊಮೆಜಿಯ ಮುದ್ರೆ ತಲೆಕೆಳಗಾಗಿದೆ.

ಅವನ ಹತ್ತಿರ ಹೋಗಿ ಕೇಳಿದೆ: "ದಿನಾ ಬೈತಿದ್ದೆಯಲ್ಲ, ಬರೆಯೋಕೆ ಏನಾಗಿತ್ತು ರೋಗ?"

"ಬರೆಯೋದಾ? ನಿನ್ನ ಮಗಳ ಹಾಡನ್ನ ಬೇಡ ಅಂತ ನಾನು ಕಾಗದದ ಮೇಲೆ ಬರೆಯೋದಾ? ಬಾಯಲ್ಲಿ ಬೈಯೋದು ಬೇರೆ ಕಣೋ."

ಏಪ್ರಿಲ್ ೨೮

ಮುಖಂಡರ ಸಭೆ. ಕುರಿಹಾರಾ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. "ಕೆಳಬಂದರು ಕೇರಿಯಲ್ಲಿ ಒಂದೇ ಒಂದು ಆಕ್ಷೇಪಣೆಯೂ ಇಲ್ಲ. ಸರ್ವಾನುಮತ." ಉಳಿದ ಮುಖಂಡರು ತಲೆಯಾಡಿಸಿದರು. ಅವರಿಗೂ ಊಟದ ಹೊತ್ತಾಗಿತ್ತು. ಹಾಡು ನಿಂತಿತು, ಎಂದರೆ ಉಳಿಯಿತು. ಬರುವ ವರ್ಷದಿಂದ ಎಲ್ಲ ಕಂಬಗಳಲ್ಲೂ ಅದೇ.

ನಿಜ ಹೇಳುವ ಮನುಷ್ಯ ನಾನು. ಎದ್ದು ನಿಂತೆ. "ಮುದ್ರೆ ಅಂದರೆ ನೋಡಿದೆ ಅಂತ ಅಷ್ಟೇ, ಒಪ್ಪಿದೆ ಅಂತ ಅಲ್ಲ" ಎನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು: "ಆ ಹಾಡು ಪೂರ್ತಿ ಕೇಳಬೇಕಾದರೆ ಸ್ವಲ್ಪ ಸಮಯ ಕೊಡಬೇಕು. ಅವಸರದವರಿಗಲ್ಲ."

"ಯಜಮಾನ್ರು ಎಷ್ಟು ಆಳವಾಗಿ ಕೇಳಿದಾರೆ ನೋಡಿ" ಎಂದು ಕುರಿಹಾರಾ ಸೊಂಟ ಬಗ್ಗಿಸಿದ. ಆಮೇಲೆ: "ಇನ್ನೊಂದು ಸಂತೋಷದ ವಿಷಯ. ನಿಮ್ಮ ಅಂಗಡಿಯ ಶಟರ್ ಬಹಳ ಹಳೇದು ಅನ್ನೋದು ಮೇಯರ್ ಗಮನಕ್ಕೆ ಬಂದಿದೆ. ಸಂಗೀತಗಾರ್ತಿಯ ತವರಿಗೆ ಗೌರವವಾಗಿ ಪಟ್ಟಣದಿಂದ ಹೊಸ ವಿದ್ಯುತ್ ಶಟರ್. ಗುಂಡಿ ಒತ್ತಿದ್ರೆ ಸಾಕು, ಸದ್ದೇ ಇಲ್ಲ!"

"ನನ್ನ ಶಟರ್ ಮುಟ್ಟಿದರೆ ಕೈ ಮುರೀತೀನಿ!"

ತಿಂಗಳಿಡೀ ಕೂಡಿಟ್ಟಿದ್ದೆಲ್ಲ ಒಟ್ಟಿಗೆ ಬಂತು. ಕಿಟಕಿ ಗಾಜು ಅದುರಿತು. ಹಿಂದಿರುಗುವಾಗ ದಾರಿಯಲ್ಲಿ ಡಾಕ್ಟರ ಹತ್ತಿರ ರಕ್ತದೊತ್ತಡ ನೋಡಿಸಿಕೊಂಡೆ. ಎಂದಿಗಿಂತ ಕಡಿಮೆಯಿತ್ತು. "ನೋಡಿದ್ರಾ, ಬರೆಯೋದರ ಗುಣ" ಎಂದ.

ಏಪ್ರಿಲ್ ೩೦, ಬೆಳಿಗ್ಗೆಯಿಂದ ಸೋನೆ

ಚಿಗುಸಾ ಇವತ್ತು ಬೆಳಗಿನ ರೈಲಿಗೆ ಹೊರಡಬೇಕಿತ್ತು. ಬೆಳಿಗ್ಗೆ ಅವಳ ಕೋಣೆಯ ಮುಂದೆ ಹಾದರೆ, ಪೆಟ್ಟಿಗೆ ಮುಚ್ಚಿಟ್ಟಿದೆ, ಆದರೆ ಕಟ್ಟಿದ್ದ ಹಾಳೆಗಳ ದಾರ ಬಿಚ್ಚಿದೆ. ಪೆನ್ಸಿಲ್ ಕಿವಿಯಲ್ಲಿಲ್ಲ, ಕೈಯಲ್ಲಿದೆ. ಸಂಜೆ ಐದರ ತನಕ ಇದ್ದು ಕೊನೆಯ ರೈಲಿಗೆ ಹೋಗುತ್ತೇನೆ ಎಂದಳು.

ಐದಕ್ಕೆ ರಸ್ತೆಯಾಚೆ ಕೊಡೆ ಹಿಡಿದು ನಿಂತಳು. ಹಾಡು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ನಿಂತಿತು. ನಾನು ಎಳೆದೆ. ಮೊದಲು ಏನೂ ಇಲ್ಲ. ಅರ್ಧ ಇಳಿದ ಮೇಲೆ, ಎಡಬದಿಯ ಕಾಲುವೆಯಲ್ಲಿ, ಬೆಕ್ಕಿನ ಮರಿ ಕನಸಿನಲ್ಲಿ ಕೂಗಿದಷ್ಟು: ಕ್ರೀ.

ಅವಳು ಆ ಉಕ್ಕಿನ ಕಡ್ಡಿಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು.

"ಅಪ್ಪ, ಅರ್ಧ ಸ್ವರ ತಗ್ಗಿದೆ."

"ಗೊತ್ತು. ಜೂನ್ ಮಳೆ ಶುರುವಾಗಲಿ, ಏರುತ್ತೆ."

"ಅಲ್ಲಿ ತನಕ?"

"ಅಲ್ಲಿ ತನಕ ನಿನ್ನ ಪಿಯಾನೊ ಮಾರಬೇಡ. ಹೊಂದಿಸಿ ನೋಡೋಕೆ ಬೇಕಾಗುತ್ತೆ."

ಅವಳು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದಳು. ಮಳೆ ಅಷ್ಟು ಜೋರಿರಲಿಲ್ಲ.

ಎಣ್ಣೆ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಮನೆಯಲ್ಲಿದ್ದರೆ ಕಿನುಯೊ ಎಲ್ಲಾದರೂ ಹಾಕಿಬಿಡುತ್ತಾಳೆ. ತೊಮೆಜಿಗೆ ಕೊಟ್ಟುಬಂದೆ. ಆ ಕುರ್ಚಿಯ ಸದ್ದು ನಡುವೆ ಬಂದರೆ ಏನೂ ಸರಿಯಾಗಿ ಕೇಳಿಸುವುದಿಲ್ಲ.